ಬಯಲಾಗಿ ಹೋಗಿ ಕಾಡಾಗಿ ಬಂದ ‘ಜಂಗಲ್’

ಜಂಗಲ್ ಎಂದ ಕೂಡಲೇ ಕಣ್ಣ ಮುಂದೆ ಏನು ಬರುತ್ತದೆ? ಬಿಸಿಲು ನೆಲ ಮುಟ್ಟದಷ್ಟು ಒತ್ತಾಗಿ ಬೆಳೆದ ಮರಗಳು, ಮರದಿಂದ ಮರಕ್ಕೆ ಹಬ್ಬಿದ ದಪ್ಪ ಬಳ್ಳಿಗಳು, ಸದಾ ತೊಟ್ಟಿಕ್ಕುವ ಎಲೆಗಳು. ಜಂಗಲ್ ಚಿತ್ರ ಬರೆಯಿರಿ ಎಂದು ಮಕ್ಕಳ ಕೈಗೆ ಬಣ್ಣದ ಪೆಟ್ಟಿಗೆ ಕೊಟ್ಟರೆ ಮೊದಲು ಸವೆಯುವುದು ಹಸಿರು ಬಳಪ.

ಈಗ ಇನ್ನೊಂದು ಚಿತ್ರ ನೋಡಿ. ಕಣ್ಣು ಹಾಯುವವರೆಗೂ ಬಯಲು. ತಲೆಯ ಮೇಲೆ ಅಗಲವಾದ ಆಕಾಶ. ಅಲ್ಲೊಂದು ಬನ್ನಿ ಮರ, ಇಲ್ಲೊಂದು ಬೋರೆ ಗಿಡ. ಕಾಲಿಗೆ ಚುಚ್ಚುವ ಗರಸು ಮಣ್ಣು. ದೂರದಲ್ಲಿ ನೀರು ನಿಂತಂತೆ ಕಾಣುವ ಬಿಸಿಲ್ಗುದುರೆ. ಪೊದೆಯೊಳಗಿಂದ ಭರ್ರನೆ ಮೇಲೇಳುವ ಗೌಜಲ ಹಕ್ಕಿ. ಇದನ್ನು ಯಾರಾದರೂ ಜಂಗಲ್ ಅನ್ನುತ್ತಾರೆಯೇ?

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ನಮ್ಮ ದೇಶದಲ್ಲಿ ಅನ್ನುತ್ತಿದ್ದರು. ಇದನ್ನೇ ಅನ್ನುತ್ತಿದ್ದರು. ಇಂದು ಇಂಗ್ಲಿಷಿನಲ್ಲಿ ದಟ್ಟಕಾಡಿಗೆ ಹೇಳುವ ಜಂಗಲ್ ಎಂಬ ಪದ ಹುಟ್ಟಿದ್ದು ಸಂಸ್ಕೃತದ ‘ಜಾಂಗಲ’ದಿಂದ. ಆ ಜಾಂಗಲಕ್ಕೆ ಅರ್ಥ ಒಣ ನೆಲ, ಮಳೆ ಕಡಿಮೆ ಇರುವ ತೆರೆದ ಸೀಮೆ. ಒಂದು ಪದ ಊರೂರು ಸುತ್ತಿ, ಸಮುದ್ರ ದಾಟಿ, ತನ್ನ ಅರ್ಥವನ್ನು ಹೆಚ್ಚುಕಡಿಮೆ ತಲೆಕೆಳಗು ಮಾಡಿಕೊಂಡು ಮನೆಗೆ ಮರಳಿದ ಕತೆ ಇದು.

ವೈದ್ಯರು ಕಂಡ ಜಾಂಗಲ

ಹಳೆಯ ಅರ್ಥವನ್ನು ನಮಗೆ ಚೆನ್ನಾಗಿ ಉಳಿಸಿಕೊಟ್ಟವರು ಆಯುರ್ವೇದದ ಪಂಡಿತರು. ಯಾವ ಗಿಡಮೂಲಿಕೆ ಎಲ್ಲಿ ಸಿಗುತ್ತದೆ, ಯಾವ ಸೀಮೆಯ ಜನರಿಗೆ ಯಾವ ಕಾಯಿಲೆ ಹೆಚ್ಚು ಎಂಬುದು ಗೊತ್ತಿಲ್ಲದೆ ಮದ್ದು ಕೊಡುವುದು ಹೇಗೆ? ಅದಕ್ಕಾಗಿ ಅವರು ನೆಲವನ್ನು ಮೂರು ಬಗೆಯಾಗಿ ವಿಂಗಡಿಸಿದರು. ನೀರು, ಕೆಸರು, ತಂಪು ಹೆಚ್ಚಾಗಿರುವುದು ಆನೂಪ. ಒಣಗಿದ, ಗಾಳಿ ಬೀಸುವ, ತೆರೆದ ನೆಲ ಜಾಂಗಲ. ಎರಡರ ಗುಣವೂ ಬೆರೆತದ್ದು ಸಾಧಾರಣ.

ಚರಕ ಸಂಹಿತೆಯಲ್ಲಿ ಜಾಂಗಲ ದೇಶದ ವರ್ಣನೆ ಓದಿದರೆ ಮೇಲೆ ಹೇಳಿದ ಎರಡನೆಯ ಚಿತ್ರ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಅಲ್ಲಿ ಸುತ್ತಲೂ ಆಕಾಶವೇ ಹೆಚ್ಚು. ಕಗ್ಗಲಿ, ಬೋರೆ, ನೆಲ್ಲಿ, ಆಲ, ಅರಳಿ ಮರಗಳಿವೆ, ಬನ್ನಿಯಂತೂ ಧಾರಾಳ. ಒಣಗಾಳಿಗೆ ಎಳೆ ಕೊಂಬೆಗಳು ತೂಗಾಡುತ್ತವೆ. ಮರಳು, ಗರಸು ತುಂಬಿದ ನೆಲದ ಮೇಲೆ ಬಿಸಿಲ್ಗುದುರೆ ಕುಣಿಯುತ್ತದೆ. ಲಾವಕ್ಕಿ, ಗೌಜಲ ಹಕ್ಕಿ ಓಡಾಡುತ್ತವೆ. ಅಲ್ಲಿನ ಜನರು ಗಟ್ಟಿಮುಟ್ಟು. ಮರಗಳೇ ಇಲ್ಲದ ಮರುಭೂಮಿಯಲ್ಲ ಅದು; ಮರಗಳಿದ್ದೂ ಆಕಾಶ ಮರೆಯಾಗದ ನಾಡು.

ಈ ನೆಲದ ಗುರುತಿನ ಪ್ರಾಣಿ ಕೃಷ್ಣಮೃಗ. ಅದು ತಾನಾಗಿ ಅಡ್ಡಾಡುವ ನೆಲ ಯಜ್ಞಕ್ಕೆ ಯೋಗ್ಯವೆಂದು ಮನುಸ್ಮೃತಿ ಹೇಳುತ್ತದೆ. ಧಾನ್ಯ ಚೆನ್ನಾಗಿ ಬೆಳೆಯುವ ಜಾಂಗಲ ಸೀಮೆಯಲ್ಲಿ ರಾಜ ನೆಲೆಸಬೇಕೆಂಬ ಮಾತೂ ಅದರಲ್ಲಿದೆ. ಇಂದಿನ ಅರ್ಥ ಹಚ್ಚಿ ಓದಿದರೆ ರಾಜನನ್ನು ಹುಲಿಯ ಪಕ್ಕಕ್ಕೆ ಕಳಿಸಿದಂತಾಗುತ್ತದೆ! ಫ್ರಾನ್ಸಿನ ವಿದ್ವಾಂಸ ಫ್ರಾನ್ಸಿಸ್ ಜಿಮ್ಮರ್‌ಮನ್ 1982ರಲ್ಲಿ ಈ ಜಾಂಗಲ–ಆನೂಪಗಳ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದರು. ನಾವು ಅಂಜುವ ಜಂಗಲ್ ಬೇರೆ, ಹಿಂದಿನವರು ಮೆಚ್ಚಿ ನೆಲೆಸಿದ ಜಾಂಗಲ ಬೇರೆ ಎಂಬುದನ್ನು ಅವರು ಎಳೆಎಳೆಯಾಗಿ ಬಿಡಿಸಿಟ್ಟರು.

ಊರುಗಳ ಹೆಸರಲ್ಲೂ ಹಳೆಯ ಅರ್ಥ ಉಳಿದಿದೆ. ಮಹಾಭಾರತದಲ್ಲಿ ಹಸ್ತಿನಾಪುರದ ಸುತ್ತಲ ನಾಡಿಗೆ ಕುರುಜಾಂಗಲ ಎಂದು ಹೆಸರು. ರಾಜಸ್ಥಾನದ ಬಿಕಾನೇರ್ ಸೀಮೆ ಗೊತ್ತಲ್ಲ, ಥಾರ್ ಮರುಭೂಮಿಯ ಅಂಚಿನಲ್ಲಿ ಒಂಟೆಗಳು ನಡೆಯುವ ಜಾಗ? ಅದರ ಹಳೆಯ ಹೆಸರು ಜಾಂಗಲದೇಶ. ಮರಳುಗುಡ್ಡೆಗಳ ನಾಡಿಗೆ ಜಾಂಗಲದೇಶವೆಂದು ಹೆಸರಿಟ್ಟವರು ತಮಾಷೆಗೆ ಇಟ್ಟಿರಲಿಲ್ಲ.

ಬಂಗಾಳದಲ್ಲಿ ಬದಲಾದ ವೇಷ

ಕಾಲ ಕಳೆದಂತೆ ಜಾಂಗಲ ಜನರ ಬಾಯಲ್ಲಿ ಜಂಗಲ್ ಆಯಿತು. ಹಿಂದಿ, ಮರಾಠಿ, ಬಂಗಾಳಿಗಳಲ್ಲಿ ಹರಡಿತು. ಅರ್ಥವೂ ತುಸು ಜರುಗಿತು. ಒಣ ನೆಲ ಎಂಬುದು ಹೋಗಿ ಉಳುಮೆ ಮಾಡದೆ ಬಿಟ್ಟ ನೆಲ, ಬೀಳುಭೂಮಿ ಎಂಬ ಅರ್ಥ ಬಂತು. ಈ ಜರುಗಾಟವೇ ಮುಂದಿನ ದೊಡ್ಡ ಬದಲಾವಣೆಗೆ ಬಾಗಿಲು ತೆರೆಯಿತು.

ಇಂಗ್ಲಿಷ್ ಪುಸ್ತಕದಲ್ಲಿ ಜಂಗಲ್ ಪದ ಮೊದಲಿಗೆ ಕಾಣಿಸಿದ್ದು 1776ರಲ್ಲಿ ಎಂದು ನಿಘಂಟುಗಳು ಗುರುತಿಸುತ್ತವೆ. ಆಗ ಬಂಗಾಳವನ್ನು ಈಸ್ಟ್ ಇಂಡಿಯಾ ಕಂಪನಿ ಆಳುತ್ತಿತ್ತು. ಇಲ್ಲಿನ ವ್ಯಾಜ್ಯಗಳನ್ನು ಇಲ್ಲಿನ ಕಾನೂನಿನಂತೆ ತೀರ್ಮಾನಿಸಲು ಒಂದು ಗ್ರಂಥ ಬೇಕೆಂದು ವಾರನ್ ಹೇಸ್ಟಿಂಗ್ಸ್ ಹನ್ನೊಂದು ಪಂಡಿತರನ್ನು ಕೂಡಿಸಿದ. ಅವರು ಸಂಸ್ಕೃತದಲ್ಲಿ ಸಂಗ್ರಹಿಸಿದ್ದು ಪಾರಸಿಗೆ ಹೋಯಿತು; ಪಾರಸಿಯಿಂದ ನಥಾನಿಯಲ್ ಹಾಲ್‌ಹೆಡ್ ಎಂಬ ಯುವಕ ಅದನ್ನು ಇಂಗ್ಲಿಷಿಗೆ ತಂದ. ಐದು ವರ್ಷ ಸಾಗುವಳಿಯಾಗದೆ ಬಿದ್ದ ಭೂಮಿಗೆ ಜಂಗಲ್ ಎಂದು ಹೆಸರು ಎಂಬ ವಿವರಣೆ ಅದರಲ್ಲಿದೆ. ನೋಡಿ, ಮರಗಳ ಸುದ್ದಿಯೇ ಇಲ್ಲ. ಇದು ಜಮೀನಿನ ಲೆಕ್ಕದ ಮಾತು.

ಆದರೆ ಬಂಗಾಳ ಬಿಕಾನೇರ್ ಅಲ್ಲ. ರಾಜಸ್ಥಾನದಲ್ಲಿ ಒಂದು ಹೊಲವನ್ನು ಐದು ವರ್ಷ ಬಿಟ್ಟರೆ ನಾಲ್ಕು ಮುಳ್ಳುಗಿಡ ಏಳಬಹುದು. ಗಂಗೆಯ ಮುಖಜಭೂಮಿಯಲ್ಲಿ ಬಿಟ್ಟರೆ ಆಳೆತ್ತರ ಹುಲ್ಲು, ಬಿದಿರು, ಪೊದೆ ಬೆಳೆದು ಕಾಲಿಡಲು ಜಾಗವಿರುವುದಿಲ್ಲ. ಬೀಳುಭೂಮಿ ಎಂಬ ಮಾತು ಒಂದೇ. ಕಣ್ಣಿಗೆ ಕಾಣುವುದು ಬೇರೆ. ಕೋಲ್ಕತ್ತದಲ್ಲಿ ನೆಲೆಸಿದ ಇಂಗ್ಲಿಷರು ಜಂಗಲ್ ಎಂಬ ಮಾತು ಕೇಳಿದರು, ಎದುರಿಗೆ ಪೊದೆಗಾಡು ಕಂಡರು. ಎರಡೂ ಒಂದಾದವು.

ಆ ಪೊದೆಗಾಡಿನ ಹಿಂದೆ ಒಂದು ದುಃಖದ ಕತೆಯೂ ಇತ್ತು. 1770ರ ಬರದಲ್ಲಿ ಬಂಗಾಳದ ಮೂರನೇ ಒಂದು ಭಾಗದಷ್ಟು ಜನ ಸತ್ತರೆಂದು ಆಗಿನ ಅಧಿಕಾರಿಗಳೇ ಅಂದಾಜು ಮಾಡಿದ್ದರು. ಉಳುವವರು ಇಲ್ಲವಾದಾಗ ಗದ್ದೆಗಳು ಪಾಳುಬಿದ್ದವು. ಹತ್ತೊಂಬತ್ತು ವರ್ಷ ಕಳೆದ ಮೇಲೂ, 1789ರಲ್ಲಿ, ಕಂಪನಿಯ ಸೀಮೆಯ ಮೂರನೇ ಒಂದು ಪಾಲು ಕಾಡುಮೃಗಗಳಷ್ಟೇ ಇರುವ ಜಂಗಲ್ ಆಗಿದೆ ಎಂದು ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬರೆದ. ಕಾರ್ನ್‌ವಾಲಿಸನ ಆ ಒಂದು ಪದದ ಅಡಿಯಲ್ಲಿ ಒಂದು ಕಾಲಕ್ಕೆ ಅನ್ನ ಬೆಳೆದಿದ್ದ ಎಷ್ಟೋ ಹೊಲಗಳು ಮುಚ್ಚಿಹೋಗಿದ್ದವು.

ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಎಂಬಿಬ್ಬರು 1886ರಲ್ಲಿ ‘ಹಾಬ್ಸನ್–ಜಾಬ್ಸನ್’ ಎಂಬ ಸ್ವಾರಸ್ಯಕರ ನಿಘಂಟು ತಂದರು. ಇಂಗ್ಲಿಷಿಗೆ ಸೇರಿದ ಭಾರತದ ಮಾತುಗಳನ್ನು ಅದರಲ್ಲಿ ಹೆಕ್ಕಿ ಜೋಡಿಸಿದ್ದಾರೆ. ಜಂಗಲ್ ಎಂದರೆ ಮೂಲತಃ ಸಾಗುವಳಿ ಇಲ್ಲದ ನೆಲ, ಇಂಗ್ಲಿಷರ ಬಾಯಲ್ಲಿ ಅದು ನೆಲವನ್ನು ಬಿಟ್ಟು ಅದರ ಮೇಲೆ ಬೆಳೆದ ಗಿಡಮರಗಳಿಗೆ ಅಂಟಿಕೊಂಡಿತು ಎಂದು ಅವರು ಆಗಲೇ ಗುರುತಿಸಿದ್ದರು.

ಮೋಗ್ಲಿಯ ಕಾಡು ಒಣಗಿತ್ತು

ಪದಕ್ಕೆ ಲೋಕಪ್ರಸಿದ್ಧಿ ತಂದುಕೊಟ್ಟದ್ದು ಒಬ್ಬ ಪುಟ್ಟ ಹುಡುಗ. ಮುಂಬಯಿಯಲ್ಲಿ ಹುಟ್ಟಿದ ರುಡ್ಯಾರ್ಡ್ ಕಿಪ್ಲಿಂಗ್ 1894ರಲ್ಲಿ ‘ದಿ ಜಂಗಲ್ ಬುಕ್’ ಪ್ರಕಟಿಸಿದಾಗ ತೋಳಗಳು ಸಾಕಿದ ಮೋಗ್ಲಿ ಮನೆಮನೆಗೂ ಬಂದ. ಕಿಪ್ಲಿಂಗ್ ಆ ಕತೆಗಳನ್ನು ಬರೆದದ್ದು ಅಮೆರಿಕದ ವರ್ಮಾಂಟಿನ ಹಿಮ ಬೀಳುವ ಊರಿನಲ್ಲಿ ಕುಳಿತು. ಕತೆ ನಡೆಯುವುದು ಮಧ್ಯಪ್ರದೇಶದ ಸಿವನಿ ಬೆಟ್ಟಗಳಲ್ಲಿ.

ಚಲನಚಿತ್ರ ನೋಡಿದವರಿಗೆ ಮೋಗ್ಲಿಯ ಕಾಡು ಎಂದರೆ ಹಸಿರೋ ಹಸಿರು. ಪುಸ್ತಕ ತೆರೆದರೆ ಬೇರೆಯದೇ ಕಾಡು. ಎರಡನೆಯ ಭಾಗದ ಒಂದು ಕತೆಯಲ್ಲಿ ಮಳೆ ಕೈಕೊಟ್ಟಿದೆ. ಇಪ್ಪೆ ಮರ ಹೂ ಬಿಟ್ಟಿಲ್ಲ. ವೈನಗಂಗಾ ನದಿ ಬತ್ತಿ ತಳದ ಬಂಡೆ ಹೊರಬಿದ್ದಿದೆ. ಆ ಬಂಡೆ ಕಂಡಿತೆಂದರೆ ನೀರು ಕುಡಿಯಲು ಬಂದ ಯಾವ ಪ್ರಾಣಿಯನ್ನೂ ಯಾರೂ ಬೇಟೆಯಾಡಕೂಡದು. ಹುಲಿಯೂ ಜಿಂಕೆಯೂ ಒಂದೇ ನದಿಯ ನೀರಿಗೆ ಬಾಯಿ ಹಚ್ಚುತ್ತವೆ. ಬೇಸಿಗೆಯಲ್ಲಿ ಎಲೆಯುದುರಿಸುವ ಈ ಕಾಡು ಹಳೆಯ ಜಾಂಗಲಕ್ಕೆ ದೂರದ ನೆಂಟನೇ ಸರಿ.

ಈ ಕತೆಗಳಿಂದ ‘ಜಂಗಲ್ ಕಾನೂನು’ ಎಂಬ ಮಾತು ಇಂಗ್ಲಿಷಿನಲ್ಲಿ ಮನೆಮಾತಾಯಿತು. ಕಿಪ್ಲಿಂಗನ ಕತೆಯಲ್ಲಿ ಅದು ನಿಜವಾದ ಕಾನೂನು. ಯಾವಾಗ ಬೇಟೆಯಾಡಬೇಕು, ಬೇಟೆಯಲ್ಲಿ ಮರಿಗಳಿಗೆ ಪಾಲೆಷ್ಟು, ಯಾವ ಬೇಟೆ ನಿಷಿದ್ಧ, ಎಲ್ಲಕ್ಕೂ ಕಟ್ಟುಪಾಡು. ಬಾಲೂ ಕರಡಿ ಮೋಗ್ಲಿಗೆ ಹೊಡೆದು ಬಡಿದು ಕಲಿಸುವುದು ಅದನ್ನೇ. ಆದರೆ ಇಂದು ಜಂಗಲ್ ಕಾನೂನು ಎಂದರೆ ಬಲವಿದ್ದವನದೇ ರಾಜ್ಯ, ಕಾನೂನೇ ಇಲ್ಲ ಎಂದರ್ಥ. ಅಂಥ ಸ್ಥಿತಿಗೆ ನಮ್ಮ ಹಿಂದಿನವರು ‘ಮತ್ಸ್ಯನ್ಯಾಯ’ ಎನ್ನುತ್ತಿದ್ದರು. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ನ್ಯಾಯ. ಪಾಪ, ಕಾಡಿನ ಮೇಲೆ ಆ ಅಪವಾದ ಹೊರಿಸಿರಲಿಲ್ಲ.

1967ರಲ್ಲಿ ಡಿಸ್ನಿ ಕಂಪನಿ ಇದನ್ನು ಕಾರ್ಟೂನ್ ಚಿತ್ರ ಮಾಡಿತು. ಅದರಲ್ಲಿ ಕುಣಿಯುವ ಲೂಯಿ ಎಂಬ ಒರಾಂಗುಟಾನ್ ನೆನಪಿದೆಯೇ? ಕಿಪ್ಲಿಂಗನ ಪುಸ್ತಕದಲ್ಲಿ ಅವನಿಲ್ಲ. ಭಾರತದ ಕಾಡುಗಳಲ್ಲೂ ಒರಾಂಗುಟಾನ್ ಇಲ್ಲ. ಅವುಗಳ ಮನೆ ಬೋರ್ನಿಯೊ ಮತ್ತು ಸುಮಾತ್ರ ದ್ವೀಪಗಳ ಮಳೆಕಾಡು. ಜಂಗಲ್ ಎಂದ ಮೇಲೆ ಎಲ್ಲವೂ ಇರಬಹುದು ಎಂಬಲ್ಲಿಗೆ ಪದ ಬಂದು ಮುಟ್ಟಿತ್ತು.

ಲೋಕ ಸುತ್ತಿದ ಪದ

1912ರಲ್ಲಿ ಎಡ್ಗರ್ ರೈಸ್ ಬರೋಸ್ ಟಾರ್ಜಾನ್‌ನ ಕತೆ ಬರೆದ. ಆಫ್ರಿಕಾಕ್ಕೆ ಎಂದೂ ಕಾಲಿಡದ ಆತ ಅಲ್ಲಿನ ಕಾಡಿಗೂ ಜಂಗಲ್ ಎಂದೇ ಕರೆದ. ಅದಕ್ಕೆ ಆರು ವರ್ಷ ಮೊದಲೇ, 1906ರಲ್ಲಿ, ಅಪ್ಟನ್ ಸಿಂಕ್ಲೇರ್ ಷಿಕಾಗೋದ ಮಾಂಸದ ಕಾರ್ಖಾನೆಗಳಲ್ಲಿ ಕೂಲಿಗಳು ಪಡುವ ಪಾಡನ್ನು ಕಾದಂಬರಿ ಮಾಡಿ ‘ದಿ ಜಂಗಲ್’ ಎಂದು ಹೆಸರಿಟ್ಟಿದ್ದ. ಒಂದು ಮರವೂ ಇಲ್ಲದ ಜಂಗಲ್ ಅದು.

ಮಕ್ಕಳಿಗೆ ಇಷ್ಟವಾಗುವ ಇನ್ನೊಂದು ಜಂಗಲ್ ಇದೆ. ಶಾಲೆಯ ಆಟದ ಬಯಲಲ್ಲಿ, ಉದ್ಯಾನಗಳಲ್ಲಿ ಹತ್ತಿ ನೇತಾಡುವ ಕಬ್ಬಿಣದ ಸರಳುಗಳ ಚೌಕಟ್ಟು, ಜಂಗಲ್ ಜಿಮ್. ಅಮೆರಿಕದ ವಕೀಲ ಸೆಬಾಸ್ಟಿಯನ್ ಹಿಂಟನ್ 1920ರಲ್ಲಿ ಅದಕ್ಕೆ ಪೇಟೆಂಟ್ ಕೋರಿದ. ಅವನ ತಂದೆ ಚಾರ್ಲ್ಸ್ ಹಿಂಟನ್ ಗಣಿತಜ್ಞ. ಉದ್ದ, ಅಗಲ, ಎತ್ತರದ ಲೆಕ್ಕ ಮಕ್ಕಳ ಮೈಗೇ ಹತ್ತಲಿ ಎಂದು ಜಪಾನಿನಲ್ಲಿದ್ದಾಗ ಬಿದಿರಿನ ಚೌಕಟ್ಟು ಕಟ್ಟಿ ಅವರನ್ನು ಅದರ ಮೇಲೆ ಹತ್ತಿಸುತ್ತಿದ್ದ. ಮಕ್ಕಳು ಲೆಕ್ಕ ಬಿಟ್ಟು ಮಂಗನಾಟ ಆಡಿದರು. ಮಗ ಆ ಮಂಗನಾಟವನ್ನೇ ನೆನಪಿಟ್ಟುಕೊಂಡ.

ಇತ್ತೀಚೆಗೆ ಈ ಪದ ಯುರೋಪಿಗೆ ಇನ್ನೊಂದು ದಾರಿಯಿಂದಲೂ ಹೋಯಿತು. ಫ್ರಾನ್ಸಿನ ಕ್ಯಾಲೇ ಬಂದರಿನ ಬಳಿ ಯುದ್ಧ, ಬಡತನದಿಂದ ತಪ್ಪಿಸಿಕೊಂಡು ಬಂದ ಸಾವಿರಾರು ಜನ ಡೇರೆ ಹಾಕಿಕೊಂಡಿದ್ದರು. 2016ರಲ್ಲಿ ತೆರವು ಮಾಡಿದ ಆ ಬಿಡಾರಕ್ಕೆ ‘ಜಂಗಲ್’ ಎಂದೇ ಹೆಸರಾಗಿತ್ತು. ಅಫ್ಘಾನಿಸ್ತಾನದ ಪಶ್ತೋ ಭಾಷೆಯಲ್ಲಿಯೂ ಕಾಡಿಗೆ ಇದೇ ಪದ. ಮರಗಳ ನಡುವೆ ಮಲಗಿದವರು ತಾವಿದ್ದ ಜಾಗಕ್ಕೆ ತಮ್ಮೂರಿನ ಮಾತನ್ನೇ ಬಳಸಿದ್ದರು.

ಇಷ್ಟೆಲ್ಲ ಸುತ್ತಿದರೂ ಕೆಲವು ಪ್ರಾಣಿಗಳ ಹೆಸರಲ್ಲಿ ಹಳೆಯ ಅರ್ಥ ಗುಟ್ಟಾಗಿ ಉಳಿದುಕೊಂಡಿದೆ. ಇಂಗ್ಲಿಷಿನಲ್ಲಿ ‘ಜಂಗಲ್ ಕ್ಯಾಟ್’ ಎನಿಸಿಕೊಳ್ಳುವ ಕಾಡುಬೆಕ್ಕು ದಟ್ಟ ಮಳೆಕಾಡಿನದಲ್ಲ. ಕುರುಚಲು, ಎತ್ತರದ ಹುಲ್ಲು, ಕಬ್ಬಿನ ಗದ್ದೆ ಅದಕ್ಕೆ ಪ್ರಿಯ. ‘ಜಂಗಲ್ ಬ್ಯಾಬ್ಲರ್’ ಎನ್ನುವ ಹರಟೆಮಲ್ಲ ಹಕ್ಕಿ ಹಿತ್ತಿಲಲ್ಲೇ ಗುಂಪುಕಟ್ಟಿ ಗಲಾಟೆ ಮಾಡುತ್ತದೆ. ಇನ್ನು ‘ಜಂಗಲ್ ರಾಜ’ ಸಿಂಹ! ಸಿಂಹ ದಟ್ಟಕಾಡಿನ ಪ್ರಾಣಿಯೇ ಅಲ್ಲ, ಅದಕ್ಕೆ ಜಂಗಲ್ ರಾಜ ಎನ್ನುವುದು ತಪ್ಪು ಎಂದು ತಿಳಿದವರು ನಗುತ್ತಾರೆ. ಆದರೆ ಗುಜರಾತಿನ ಗಿರ್ ಸುತ್ತಮುತ್ತ 2025ರ ಗಣತಿಯಲ್ಲಿ ಸಿಕ್ಕ 891 ಸಿಂಹಗಳು ಇರುವುದು ಎಂಥ ಜಾಗದಲ್ಲಿ? ಒಣ ಎಲೆಯುದುರುವ ಕಾಡು, ಮುಳ್ಳುಪೊದೆ, ಹುಲ್ಲುಬಯಲು. ಚರಕನ ಅರ್ಥದಲ್ಲಿ ಹೇಳಿದರೆ ಸಿಂಹ ಜಾಂಗಲದ ರಾಜನೇ.

ಹೆಸರು ಹೋದ ನೆಲ

ಪದಗಳ ಅರ್ಥ ಬದಲಾಗುವುದು ಸಹಜ, ಅದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ಪದಕ್ಕೆ ನಷ್ಟವಿಲ್ಲ. ನಷ್ಟವಾದದ್ದು ಅದು ಬಿಟ್ಟುಬಂದ ನೆಲಕ್ಕೆ.

ಜಂಗಲ್ ದಟ್ಟಕಾಡಿನ ಪಾಲಾದ ಮೇಲೆ ತೆರೆದ ಒಣ ನೆಲಕ್ಕೆ ಗೌರವದ ಹೆಸರೇ ಉಳಿಯಲಿಲ್ಲ. ಕಂದಾಯದ ಕಡತದಲ್ಲಿ ಅದು ‘ಪಾಳುಭೂಮಿ’. ಕೇಂದ್ರ ಸರ್ಕಾರ ಪ್ರಕಟಿಸುವ ಪಾಳುಭೂಮಿ ನಕ್ಷೆಯಲ್ಲಿ ಕುರುಚಲು ನೆಲವೂ ಒಂದು ವರ್ಗ. ಪಾಳು ಎಂದ ಮೇಲೆ ಅದನ್ನು ಸರಿಪಡಿಸಬೇಕು ಅನಿಸುವುದು ಸಹಜ. ಒಂದೋ ಕಟ್ಟಡ ಕಟ್ಟಬೇಕು, ಇಲ್ಲವೇ ಗಿಡ ನೆಡಬೇಕು. ಗಿಡ ನೆಡುವುದು ಪುಣ್ಯದ ಕೆಲಸ, ನಿಜ. ಆದರೆ ಕೃಷ್ಣಮೃಗವನ್ನು ಕೇಳಿದರೆ?

ಕೃಷ್ಣಮೃಗದ ಬದುಕು ನಿಂತಿರುವುದು ಕಣ್ಣು ಮತ್ತು ಕಾಲಿನ ಮೇಲೆ. ತೋಳ ಬರುವುದು ದೂರದಿಂದಲೇ ಕಾಣಬೇಕು, ಕಂಡೊಡನೆ ಅಡೆತಡೆಯಿಲ್ಲದೆ ಓಡಬೇಕು. ಅದರ ಬಯಲಲ್ಲಿ ಸಾಲುಸಾಲು ಮರ ನೆಟ್ಟರೆ ಕಣ್ಣು ಕಟ್ಟಿ ಕಾಲು ಬಿಗಿದಂತೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯ ಮಾಡಿದರು. ಆ ಅಭಯಾರಣ್ಯದ ದೊಡ್ಡ ಪಾಲು ನೀಲಗಿರಿ ನೆಡುತೋಪು. ಮೃಗಗಳು ಮೇಯಲು ಸುತ್ತಲಿನ ಹೊಲಗಳಿಗೂ ಇಳಿಯುತ್ತವೆ. ಬೆಳೆ ಕಳೆದುಕೊಳ್ಳುವ ರೈತನಿಗೆ ಅವು ತಂಟೆಕೋರರಂತೆ ಕಂಡರೆ ಅಚ್ಚರಿಯಿಲ್ಲ.

ಇನ್ನೂ ಕಷ್ಟದಲ್ಲಿರುವುದು ಎರೆಭೂತ. ಆಳಿನ ಸೊಂಟದೆತ್ತರ ನಿಲ್ಲುವ ಈ ಭಾರಿ ಹಕ್ಕಿಗೆ ಉತ್ತರ ಕರ್ನಾಟಕದ ಜನ ಇಟ್ಟ ಹೆಸರು ಎಷ್ಟು ಚೆಂದ ನೋಡಿ. ಎರೆ ಅಂದರೆ ಕಪ್ಪುಮಣ್ಣಿನ ನೆಲ. ಆ ನೆಲದಲ್ಲಿ ತಟಕ್ಕನೆ ಕಂಡು ಮಾಯವಾಗುವುದಕ್ಕೆ ಭೂತ. ಇಂದು ನಮ್ಮ ರಾಜ್ಯದಲ್ಲಿ ಅದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ. ಹುಲ್ಲುಗಾವಲು ಹೋದರೆ ಅದು ಹೆಸರಿಗೆ ತಕ್ಕಂತೆ ಭೂತವೇ ಆಗಿಬಿಡುತ್ತದೆ.

ಹಸಿರು ಮಾಡುವ ಅವಸರ ಇನ್ನೊಂದು ಪಾಠವನ್ನೂ ಕಲಿಸಿದೆ. ಒಣ ನೆಲದಲ್ಲಿ ಬೇಗ ಬೆಳೆಯುತ್ತದೆಂದು ಅಮೆರಿಕ ಖಂಡದಿಂದ ತಂದ ಬಳ್ಳಾರಿ ಜಾಲಿ ಈಗ ಕೆರೆಯಂಗಳ, ಗೋಮಾಳಗಳನ್ನೆಲ್ಲ ಆಕ್ರಮಿಸಿ ಹುಲ್ಲಿಗೂ ಜಾಗ ಬಿಡದಂತೆ ಹಬ್ಬಿದೆ. ಬನ್ನಿ ಇದ್ದಲ್ಲಿ ಜಾಲಿ ಬಂತು. ಬನ್ನಿಯ ಬೆಲೆ ತಿಳಿದವರು ಹೇಗಿದ್ದರು ಗೊತ್ತೇ? 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿ ಹಳ್ಳಿಯಲ್ಲಿ ರಾಜನ ಆಳುಗಳು ಬನ್ನಿಮರ ಕಡಿಯಲು ಬಂದಾಗ ಬಿಷ್ಣೋಯಿ ಸಮುದಾಯದ 363 ಮಂದಿ ಮರಗಳನ್ನು ತಬ್ಬಿ ಪ್ರಾಣ ಕೊಟ್ಟರು. ಅವರಿಗೆ ಒಣ ನೆಲ ಪಾಳಾಗಿರಲಿಲ್ಲ, ಅದು ಮನೆಯಾಗಿತ್ತು.

ಆಶೆಯ ಸುದ್ದಿಯೂ ಇದೆ. ಹಂಪಿಯ ಸಮೀಪದ ದರೋಜಿಯಲ್ಲಿ, ಬಂಡೆಗಳ ನಡುವಿನ ಕುರುಚಲು ಕಾಡಿನಲ್ಲಿ, 1994ರಲ್ಲಿ ಕರಡಿಧಾಮ ಆಯಿತು. ಮೋಗ್ಲಿಯ ಪುಸ್ತಕಕ್ಕೆ ನೂರು ತುಂಬಿದ ವರ್ಷವೇ ಬಾಲೂವಿನ ಬಂಧುಗಳಿಗೆ ಒಂದು ಮನೆ ಸಿಕ್ಕಂತಾಯಿತು. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರದ ಕುರುಚಲು ಕಾಡನ್ನು ತೋಳಗಳಿಗೆಂದೇ ಕಾಯ್ದಿಡುವ ಕೆಲಸವೂ ನಡೆದಿದೆ.

ನಮ್ಮ ಮಾತಿನ ಕಣಜ

ಒಣ ನೆಲಕ್ಕೆ ಕನ್ನಡದಲ್ಲಿ ಹೆಸರಿಲ್ಲವೇ? ಬೇಕಾದಷ್ಟಿವೆ. ಕುರುಬರು ಕುರಿ ಅಟ್ಟುವ ಹುಲ್ಲುಗಾವಲು, ಊರ ದನಗಳಿಗೆ ಮೀಸಲಾದ ಗೋಮಾಳ, ಮುಳ್ಳುಗಿಡಗಳ ಕುರುಚಲು ಕಾಡು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯ ದನಗಳು ಮೇಯುತ್ತಿದ್ದ ವಿಶಾಲ ಬಯಲುಗಳು ಕಾವಲು, ಟಿಪ್ಪು ಸುಲ್ತಾನ ಚಾವಡಿಯ ಹೆಸರು ಬದಲಿಸಿದ ಮೇಲೆ ಅವು ಅಮೃತಮಹಲ್ ಕಾವಲುಗಳಾದವು. ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರಿನ ಕಡೆ ಊರಿನ ಹೆಸರಿಗೆ ಕಾವಲು ಸೇರಿಸಿ ಹೇಳುವುದನ್ನು ಇಂದಿಗೂ ಕೇಳಬಹುದು. ಮಲೆನಾಡಿಗೆ ಹೋದರೆ ಸದಾ ಹಸಿರಿನ ಒದ್ದೆ ಕಾಡು ಕಾನು. ಅದರ ಮಗ್ಗುಲಲ್ಲೇ ಹುಲ್ಲು ಬೆಳೆಯುವ ಬ್ಯಾಣ. ಒಂದಕ್ಕೆ ಇಟ್ಟ ಹೆಸರನ್ನು ಇನ್ನೊಂದಕ್ಕೆ ಹಾಕಿದರೆ ಅಲ್ಲಿನ ಅಜ್ಜಂದಿರು ಕೂಡಲೇ ತಿದ್ದುತ್ತಾರೆ.

ಮುಂದಿನ ಬೇಸಿಗೆ ರಜೆಯಲ್ಲಿ ಅಜ್ಜನ ಊರಿಗೆ ಹೋದಾಗ ಊರಾಚೆಯ ಒಂದೊಂದು ಬಯಲಿಗೂ ಏನು ಹೆಸರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಅಲ್ಲಿ ಯಾವ ಹುಲ್ಲು, ಯಾವ ಹಕ್ಕಿ, ಯಾರ ಕುರಿ ಎಂಬುದೂ ಜೊತೆಗಿರಲಿ. ಈ ಬಾರಿ ಜಂಗಲ್ ಚಿತ್ರ ಬರೆಯುವಾಗ ಹಸಿರು ಬಳಪದ ಪಕ್ಕದಲ್ಲಿರುವ ಕಂದು, ಹಳದಿ ಬಳಪಗಳನ್ನೂ ಕೈಗೆತ್ತಿಕೊಳ್ಳಿ. ಮೇಲೆ ದೊಡ್ಡ ಆಕಾಶಕ್ಕೆ ಜಾಗ ಬಿಡಿ. ಸುರುಳಿ ಕೊಂಬಿನ ಒಂದು ಕೃಷ್ಣಮೃಗ ತಾನಾಗಿಯೇ ಬಂದು ಅಲ್ಲಿ ನಿಂತೀತು.